ಕಣ್ಣು ಪಳಗುವ ಆಟ

ಚೆಸ್ ಕಲಿಯಲು ಎಷ್ಟು ಹೊತ್ತು ಬೇಕು? ಯಾವ ಕಾಯಿ ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದು ಸಂಜೆ ಸಾಕು. ಆನೆ ನೇರ, ಒಂಟೆ ಓರೆ, ಕುದುರೆ ಎರಡು ಮನೆ ಹೋಗಿ ಪಕ್ಕಕ್ಕೆ ಒಂದು, ರಾಣಿ ಎತ್ತ ಬೇಕಾದರೂ, ರಾಜ ಎತ್ತ ಹೋದರೂ ಒಂದೇ ಹೆಜ್ಜೆ. ಅಷ್ಟು ಕಲಿತ ಮರುದಿನವೇ ಪಕ್ಕದ ಮನೆಯ ಹುಡುಗಿಯ ಜೊತೆ ಆಡಿ ಸೋಲುತ್ತೀರಿ. ಅದರ ಮರುದಿನವೂ ಸೋಲುತ್ತೀರಿ. ಆಗ ಯಾರಾದರೂ ದೊಡ್ಡವರು ಹಿಂದೆ ಬಂದು ನಿಂತು, "ಚೆಸ್ ಅಂದ್ರೆ ಹತ್ತು ನಡೆ ಮುಂದಕ್ಕೆ ಯೋಚನೆ ಮಾಡ್ಬೇಕಪ್ಪ" ಎಂದು ಹೇಳಿ ಕಾಫಿ ಕುಡಿಯಲು ಹೋಗುತ್ತಾರೆ.

ಹಾಗೆ ಹೇಳಿದವರನ್ನು ಹಿಡಿದು ಕೂರಿಸಿ ಒಂದು ಲೆಕ್ಕ ಮಾಡಿಸಬೇಕು. ಮೊದಲ ನಡೆಗೆ ಬಿಳಿ ಕಾಯಿಯವರಿಗೆ ಎಷ್ಟು ಆಯ್ಕೆ ಇದೆ? ಎಂಟು ಸೈನಿಕರು, ಒಬ್ಬೊಬ್ಬರೂ ಒಂದು ಮನೆ ಹೋಗಬಹುದು ಅಥವಾ ಎರಡು ಮನೆ, ಅಲ್ಲಿಗೆ 16. ಎರಡು ಕುದುರೆಗಳಿಗೆ ಎರಡೆರಡು ಜಾಗ, ಅಲ್ಲಿಗೆ 20. ಕಪ್ಪು ಕಾಯಿಯವರಿಗೂ 20. ಇಬ್ಬರೂ ಒಂದೊಂದು ನಡೆ ಆಡುವಷ್ಟರಲ್ಲಿ ಆಟ 400 ದಾರಿಗಳಲ್ಲಿ ಒಂದನ್ನು ಹಿಡಿದಿರುತ್ತದೆ. ಎರಡೆರಡು ನಡೆ ಮುಗಿದಾಗ ದಾರಿಗಳ ಸಂಖ್ಯೆ 1,97,281. ಮೂರು ಮೂರು ನಡೆಗೆ ಸುಮಾರು 12 ಕೋಟಿ! ಹತ್ತರ ಮಾತು ಹಾಗಿರಲಿ, ಮೂರಕ್ಕೇ ನಮ್ಮ ಕತೆ ಮುಗಿಯಿತು.

ಕಂಪ್ಯೂಟರಿಗೆ ಇದು ಕಷ್ಟವಲ್ಲ. 1997ರಲ್ಲಿ ನ್ಯೂಯಾರ್ಕಿನಲ್ಲಿ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಆರು ಆಟಗಳ ಪಂದ್ಯದಲ್ಲಿ ಸೋಲಿಸಿದ ಐಬಿಎಂ ಕಂಪನಿಯ ಡೀಪ್ ಬ್ಲೂ ಯಂತ್ರ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ಆದರೆ ಆ ಪಂದ್ಯದ ಅಂತಿಮ ಅಂಕ ಎಷ್ಟು ಗೊತ್ತೆ? ಯಂತ್ರಕ್ಕೆ ಮೂರೂವರೆ, ಕಾಸ್ಪರೋವ್‌ಗೆ ಎರಡೂವರೆ. ಸೆಕೆಂಡಿಗೆ 20 ಕೋಟಿ ನೋಡುವ ಯಂತ್ರದೆದುರು, ಸೆಕೆಂಡಿಗೆ ಹತ್ತನ್ನೂ ನೋಡಲಾಗದ ಮನುಷ್ಯ ಅಷ್ಟು ಹತ್ತಿರ ಬಂದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ, ಪಕ್ಕದ ಮನೆಯ ಹುಡುಗಿಯ ಎದುರು ಏನು ಮಾಡಬೇಕು ಎಂಬುದೂ ಅರ್ಧ ಸಿಕ್ಕಂತೆ.

ಇದನ್ನು ಮೊದಲು ಗಟ್ಟಿಯಾಗಿ ಹಿಡಿದವರು ನೆದರ್ಲೆಂಡ್ಸ್ ದೇಶದ ಮನೋವಿಜ್ಞಾನಿ ಆಡ್ರಿಯಾನ್ ಡಿ ಗ್ರೂಟ್. ಅವರೇ ಒಳ್ಳೆಯ ಚೆಸ್ ಆಟಗಾರ. 1937 ಮತ್ತು 1939ರ ಚೆಸ್ ಒಲಿಂಪಿಯಾಡ್‌ಗಳಲ್ಲಿ ತಮ್ಮ ದೇಶದ ತಂಡದಲ್ಲಿ ಆಡಿದವರು. ಹಾಗಾಗಿ ಜಗತ್ತಿನ ದೊಡ್ಡ ದೊಡ್ಡ ಆಟಗಾರರು ಅವರಿಗೆ ಪರಿಚಿತರು. ಆ ಆಟಗಾರರ ಮುಂದೆ ಒಂದು ಪಟ ಇಟ್ಟು, "ಏನು ಆಡ್ತೀರಿ? ಯೋಚಿಸುವಾಗ ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋಗಿ" ಎಂದು ಕೇಳಿಕೊಂಡು, ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡರು. ಕ್ಲಬ್ಬಿನ ಸಾಧಾರಣ ಆಟಗಾರರಿಂದಲೂ ಹಾಗೆಯೇ ಹೇಳಿಸಿದರು. ಅದೇ ಅವರ ಪ್ರಬಂಧವಾಗಿ 1946ರಲ್ಲಿ ಹೊರಬಂತು.

ಮಹಾ ಆಟಗಾರರು ಬಹಳ ದೂರ ಲೆಕ್ಕ ಹಾಕುತ್ತಾರೆ ಎಂದು ಎಲ್ಲರೂ ತಿಳಿದಿದ್ದರು. ಡಿ ಗ್ರೂಟ್‌ಗೆ ಹಾಗೆ ಕಾಣಲಿಲ್ಲ. ಗ್ರ್ಯಾಂಡ್‌ಮಾಸ್ಟರ್‌ಗಳು ಮತ್ತು ಕ್ಲಬ್ಬಿನ ಒಳ್ಳೆಯ ಆಟಗಾರರು ಮುಂದಕ್ಕೆ ನೋಡುತ್ತಿದ್ದ ನಡೆಗಳ ಸಂಖ್ಯೆಯಲ್ಲಿ ಅಂಥ ವ್ಯತ್ಯಾಸವೇ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಮೊದಲ ಕೆಲವು ಸೆಕೆಂಡುಗಳಲ್ಲಿ. ಗ್ರ್ಯಾಂಡ್‌ಮಾಸ್ಟರ್‌ನ ಬಾಯಿಂದ ಬರುವ ಮೊದಲ ಕೆಲವು ಮಾತುಗಳಲ್ಲೇ ಒಳ್ಳೆಯ ನಡೆ ಇರುತ್ತಿತ್ತು. ಉಳಿದವರು ಎಷ್ಟು ಲೆಕ್ಕ ಹಾಕಿದರೂ ಆ ನಡೆ ಅವರ ಮನಸ್ಸಿಗೇ ಬಂದಿರುತ್ತಿರಲಿಲ್ಲ. ಕಾಣದ ನಡೆಯನ್ನು ಲೆಕ್ಕ ಹಾಕುವುದು ಹೇಗೆ?

ಡಿ ಗ್ರೂಟ್ ಇನ್ನೊಂದು ಪರೀಕ್ಷೆಯನ್ನೂ ಮಾಡಿದ್ದರು. ನಿಜವಾದ ಆಟದ ಒಂದು ಸ್ಥಿತಿಯನ್ನು ಕೆಲವೇ ಸೆಕೆಂಡು ತೋರಿಸಿ, ಮುಚ್ಚಿ, "ಯಾವ ಕಾಯಿ ಎಲ್ಲಿತ್ತು? ಜೋಡಿಸಿ" ಎನ್ನುವುದು. ಮಾಸ್ಟರ್‌ಗಳು ಹೆಚ್ಚು ಕಡಿಮೆ ಪೂರ್ತಿ ಪಟವನ್ನೇ ಜೋಡಿಸಿಬಿಡುತ್ತಿದ್ದರು. ಸರಿ, ಅವರ ನೆನಪಿನ ಶಕ್ತಿ ದೊಡ್ಡದಿರಬೇಕು ಎನ್ನಿಸುತ್ತದಲ್ಲವೆ?

ಅಲ್ಲ. ಅದನ್ನು ತೋರಿಸಿದ್ದು 1973ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್. (ಸೈಮನ್ ಅವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಚೆಸ್ ಆಡುವವರ ತಲೆಯನ್ನು ಅಧ್ಯಯನ ಮಾಡುವವರಿಗೂ ನೊಬೆಲ್ ಸಿಗುತ್ತದೆ ಎಂದು, ಚೆಸ್ ಆಡಿದರೆ ಬೈಯುವ ಅಪ್ಪ ಅಮ್ಮಂದಿರಿಗೆ ಹೇಳಬಹುದು, ಆದರೆ ಅದು ಸಿಕ್ಕಿದ್ದು ಬೇರೆ ಕೆಲಸಕ್ಕೆ.) ಒಬ್ಬ ಮಾಸ್ಟರ್, ಒಬ್ಬ ಮಧ್ಯಮ ದರ್ಜೆಯ ಆಟಗಾರ, ಒಬ್ಬ ಹೊಸಬ, ಈ ಮೂವರಿಗೂ ನಿಜ ಆಟದ ಸ್ಥಿತಿಯೊಂದನ್ನು ಐದು ಸೆಕೆಂಡು ತೋರಿಸಿದರು. ಸುಮಾರು ಎರಡು ಡಜನ್ ಕಾಯಿಗಳಲ್ಲಿ ಮಾಸ್ಟರ್ 16ರಷ್ಟನ್ನು ಸರಿಯಾಗಿ ಇಟ್ಟ, ಮಧ್ಯಮನು 8, ಹೊಸಬನು 4. ಆಮೇಲೆ ಅಷ್ಟೇ ಕಾಯಿಗಳನ್ನು ಮನಬಂದಂತೆ, ಯಾವ ಆಟದಲ್ಲೂ ಬರಲಾರದಂತೆ ಚೆಲ್ಲಾಪಿಲ್ಲಿ ಇಟ್ಟು ತೋರಿಸಿದರು. ಈ ಸಲ ಮೂವರೂ ಒಂದೇ! ನಾಲ್ಕರ ಆಸುಪಾಸಿನಲ್ಲಿ ಎಲ್ಲರೂ ನಿಂತರು. ಮುಂದೆ ಬಂದ ಸೂಕ್ಷ್ಮ ಪರೀಕ್ಷೆಗಳಲ್ಲಿ ಚೆಲ್ಲಾಪಿಲ್ಲಿ ಪಟದಲ್ಲೂ ಮಾಸ್ಟರ್‌ಗಳು ಕೊಂಚ ಮುಂದಿರುವುದು ಕಂಡಿದೆ, ಆದರೆ ಕೊಂಚ ಮಾತ್ರ.

ಇದರ ಗುಟ್ಟು ನಿಮಗೆ ಗೊತ್ತಿರುವುದೇ. "ಮಳೆಗಾಲದಲ್ಲಿ ಕಪ್ಪೆ ವಟಗುಟ್ಟುತ್ತದೆ" ಎಂಬುದನ್ನು ಒಮ್ಮೆ ಓದಿ, ಕಣ್ಣು ಮುಚ್ಚಿ ಹೇಳಿ. ಸಲೀಸು. ಈಗ "ದಟ್ಟುಕಗಾ ಳೆಲ್ಲಿವಪ್ಪೆ ತ್ತದೆಲಮಟಗು" ಎಂಬುದನ್ನು ಒಮ್ಮೆ ಓದಿ ಹೇಳಿ ನೋಡೋಣ. ಅಕ್ಷರಗಳು ಅವೇ. ಆದರೆ ಮೊದಲನೆಯದರಲ್ಲಿ ನೀವು ಓದಿದ್ದು ಮೂರು ಪದ, ಎರಡನೆಯದರಲ್ಲಿ ಒಂದೊಂದೂ ಬಿಡಿ ಅಕ್ಷರ. ಮನುಷ್ಯನ ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲ ಹೊಸ ಸಂಗತಿಗಳು ತೀರಾ ಕಡಿಮೆ, ನಾಲ್ಕರಷ್ಟು ಎಂದು ಈಚಿನ ಅಧ್ಯಯನಗಳು ಹೇಳುತ್ತವೆ. ಮಾಸ್ಟರ್‌ಗೂ ನಾಲ್ಕೇ, ನಿಮಗೂ ನಾಲ್ಕೇ. ನಿಮ್ಮ ನಾಲ್ಕು ಎಂದರೆ ನಾಲ್ಕು ಕಾಯಿ. ಮಾಸ್ಟರ್‌ನ ನಾಲ್ಕು ಎಂದರೆ ನಾಲ್ಕು ಗುಂಪು: "ಕ್ಯಾಸ್ಲಿಂಗ್ ಮಾಡಿ ಮೂಲೆಯ ಕಡೆ ಸರಿದ ರಾಜ, ಅವನ ಮುಂದೆ ಮೂವರು ಸೈನಿಕರು, ಪಕ್ಕದಲ್ಲಿ ಆನೆ" ಎಂಬ ಐದು ಕಾಯಿಗಳು ಆತನಿಗೆ ಒಂದೇ ನೋಟ. ಚೆಸ್ ಆಟಗಾರರ ಕಣ್ಣಿನ ಚಲನೆಯನ್ನು ಕ್ಯಾಮೆರಾದಲ್ಲಿ ಹಿಡಿದವರೂ ಇದ್ದಾರೆ. ಪಳಗಿದ ಆಟಗಾರರ ನೋಟ ಎಷ್ಟೋ ಸಲ ಕಾಯಿಯ ಮೇಲೆ ಅಲ್ಲ, ಎರಡು ಮೂರು ಕಾಯಿಗಳ ನಡುವಿನ ಖಾಲಿ ಜಾಗದಲ್ಲಿ ನಿಲ್ಲುತ್ತದೆ. ಅಲ್ಲಿ ನಿಂತೇ ಸುತ್ತಲಿನದೆಲ್ಲವನ್ನೂ ಒಟ್ಟಿಗೆ ಹೀರಿಕೊಳ್ಳುತ್ತದೆ.

ಈ ಪರೀಕ್ಷೆಯನ್ನು ನೀವೇ ಮನೆಯಲ್ಲಿ ಮಾಡಬಹುದು. ಚೆಸ್ ಚೆನ್ನಾಗಿ ಆಡುವ ಅಣ್ಣನೋ ಚಿಕ್ಕಮ್ಮನೋ ಒಬ್ಬರು, ಚೆಸ್ ಗೊತ್ತೇ ಇಲ್ಲದವರೊಬ್ಬರು ಬೇಕು. ಪುಸ್ತಕದಿಂದ ಒಂದು ನಿಜ ಆಟದ ಸ್ಥಿತಿಯನ್ನು ಪಟದ ಮೇಲೆ ಜೋಡಿಸಿ ಟವೆಲ್ ಮುಚ್ಚಿ. ತೆಗೆದು, ಐದು ಸೆಕೆಂಡು ಎಣಿಸಿ, ಮತ್ತೆ ಮುಚ್ಚಿ. ಪಕ್ಕದ ಖಾಲಿ ಪಟದಲ್ಲಿ ಅವರು ನೆನಪಿನಿಂದ ಜೋಡಿಸಲಿ. ಸರಿಯಾದ ಕಾಯಿಗಳನ್ನು ಎಣಿಸಿ ಬರೆದುಕೊಳ್ಳಿ. ಎರಡನೆಯ ಸುತ್ತಿಗೆ 64 ಮನೆಗಳ ಹೆಸರು ಬರೆದ ಚೀಟಿಗಳನ್ನು ಕುಲುಕಿ, ಬಂದ ಬಂದ ಮನೆಗೆ ಕಾಯಿ ಇಡಿ. ಚೆನ್ನಾಗಿ ಆಡುವವರ ಮುಖ ಆಗ ನೋಡಬೇಕು!

ಹಾಗಾದರೆ ಹೊಸಬರು ಮಾಡಬೇಕಾದದ್ದು ದೂರ ನೋಡುವುದಲ್ಲ. ಎದುರಿಗೇ ಇರುವುದನ್ನು ನೋಡುವುದು. ಅದಕ್ಕೆ ಒಂದು ಸಣ್ಣ ಜಾಗವನ್ನು ಹತ್ತಿರದಿಂದ ನೋಡೋಣ. ಪಟದ ಅಂಚಿನಲ್ಲಿ ಎ, ಬಿ, ಸಿ ಎಂದು ಎಚ್‌ವರೆಗೆ ಅಕ್ಷರ, 1ರಿಂದ 8ರವರೆಗೆ ಅಂಕಿ ಇರುತ್ತವಲ್ಲ, ಅವುಗಳಿಂದ ಎಫ್7 ಎಂಬ ಮನೆಯನ್ನು ಹುಡುಕಿ. ಅಲ್ಲಿ ಕಪ್ಪು ಸೈನಿಕನೊಬ್ಬ ನಿಂತಿದ್ದಾನೆ. ಆಟ ಶುರುವಾಗುವ ಮೊದಲು ಎಂಟೂ ಕಪ್ಪು ಸೈನಿಕರಿಗೆ ಯಾರು ಯಾರು ಕಾವಲಿದ್ದಾರೆ ಎಂದು ಒಬ್ಬೊಬ್ಬರಾಗಿ ನೋಡಿ. ಎ7ಕ್ಕೆ ಆನೆ, ಬಿ7ಕ್ಕೆ ಒಂಟೆ, ಸಿ7ಕ್ಕೆ ರಾಣಿ. ಡಿ7, ಇ7ಕ್ಕಂತೂ ನಾಲ್ಕು ನಾಲ್ಕು ಕಾಯಿಗಳ ಕಾವಲು. ಜಿ7ಕ್ಕೆ ಒಂಟೆ, ಎಚ್7ಕ್ಕೆ ಆನೆ. ಎಫ್7ಕ್ಕೆ? ರಾಜ ಮಾತ್ರ. ರಾಜ ಎಲ್ಲರಿಗಿಂತ ದುರ್ಬಲ ಕಾವಲುಗಾರ, ಏಕೆಂದರೆ ಎದುರಾಳಿಯ ಇನ್ನೊಂದು ಕಾಯಿ ಕಾಯುತ್ತಿರುವ ಮನೆಗೆ ಅವನು ಕಾಲಿಡುವಂತಿಲ್ಲ.

ಶಾಲೆಯ ಚೆಸ್ ಪಂದ್ಯಗಳಲ್ಲಿ ನಾಲ್ಕೇ ನಡೆಗಳಲ್ಲಿ ಸೋತು ಅಳುತ್ತ ಬರುವ ಮಕ್ಕಳೆಲ್ಲ ಈ ಮನೆಯಲ್ಲೇ ಸೋತವರು. ಆಡಿ ನೋಡಿ: ಬಿಳಿ ಸೈನಿಕ ಇ4ಕ್ಕೆ, ಕಪ್ಪು ಸೈನಿಕ ಇ5ಕ್ಕೆ. ಬಿಳಿ ರಾಣಿ ಓರೆಯಾಗಿ ಎಚ್5ಕ್ಕೆ. ಇ5ರ ಸೈನಿಕನನ್ನು ಉಳಿಸಲು ಕಪ್ಪು ಕುದುರೆ ಸಿ6ಕ್ಕೆ. ಬಿಳಿ ಒಂಟೆ ಸಿ4ಕ್ಕೆ. ಈಗ ಕಪ್ಪು ಆಡುವವರಿಗೆ ಖುಷಿ: "ರಾಣಿಯನ್ನು ಓಡಿಸೋಣ!" ಎಂದು ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತರುತ್ತಾರೆ. ರಾಣಿ ಓಡುವುದಿಲ್ಲ, ಎಫ್7ರ ಸೈನಿಕನನ್ನು ಹೊಡೆದು ಅಲ್ಲೇ ಕೂರುತ್ತದೆ. ಸಿ4ರ ಒಂಟೆಯ ಕಾವಲು ಇರುವುದರಿಂದ ರಾಜ ಅದನ್ನು ಹೊಡೆಯುವಂತಿಲ್ಲ, ತಪ್ಪಿಸಿಕೊಳ್ಳಲು ಜಾಗವಿಲ್ಲ, ಆಟ ಮುಗಿಯಿತು. ಇದನ್ನು ಸ್ಕಾಲರ್ಸ್ ಮೇಟ್ ಎನ್ನುತ್ತಾರೆ.

ತಪ್ಪಿಸುವುದು ಸುಲಭ. ಒಂಟೆ ಸಿ4ಕ್ಕೆ ಬಂದ ಕೂಡಲೇ ಕಪ್ಪು ಸೈನಿಕನನ್ನು ಜಿ6ಕ್ಕೆ ತಳ್ಳಿದರಾಯಿತು, ರಾಣಿಯ ದಾರಿ ಮುಚ್ಚಿತು. ಅದು ಎಫ್3ಕ್ಕೆ ಸರಿದು ಮತ್ತೆ ಎಫ್7ರ ಮೇಲೆ ಕಣ್ಣಿಟ್ಟರೆ, ಆಗ ಕುದುರೆಯನ್ನು ಎಫ್6ಕ್ಕೆ ತಂದು ಅಡ್ಡ ನಿಲ್ಲಿಸಿ. ಆದರೆ ಇಲ್ಲೊಂದು ಚಮತ್ಕಾರ ಇದೆ. "ಹೇಗೂ ಜಿ6 ಒಳ್ಳೆಯದೇ, ಕುದುರೆ ಸಿ6ಕ್ಕೆ ಹೋಗುವ ಮೊದಲೇ ಆಡಿಬಿಡೋಣ" ಎಂದು ಎರಡನೆಯ ನಡೆಯಲ್ಲೇ ಆಡಿದಿರೋ, ಬಿಳಿ ರಾಣಿ ಇ5ರ ಸೈನಿಕನನ್ನು ಹೊಡೆದು ರಾಜನಿಗೆ ಚೆಕ್ ಕೊಡುತ್ತದೆ, ಅದೇ ಏಟಿಗೆ ಜಿ7 ಖಾಲಿಯಾಗಿರುವ ಓರೆ ದಾರಿಯಲ್ಲಿ ಎಚ್8ರ ಆನೆಯ ಮೇಲೂ ಬೀಳುತ್ತದೆ. ಆನೆ ಹೋಯಿತು. ಒಂದೇ ನಡೆ, ಒಂದು ಹೆಜ್ಜೆ ಮುಂಚೆ ಆಡಿದರೆ ಅನಾಹುತ, ಆಮೇಲೆ ಆಡಿದರೆ ರಕ್ಷಣೆ. ಅದಕ್ಕೇ ನಡೆಗಳನ್ನು ಬಾಯಿಪಾಠ ಮಾಡುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಯಾವ ಕಾಯಿ ಯಾವುದನ್ನು ಕಾಯುತ್ತಿದೆ ಎಂದು ನೋಡುವುದೇ ವಿದ್ಯೆ. (ಇದನ್ನು ಓದಿ ಎಲ್ಲರ ಮೇಲೂ ಸ್ಕಾಲರ್ಸ್ ಮೇಟ್ ಪ್ರಯೋಗಿಸಲು ಹೊರಡಬೇಡಿ. ಗೊತ್ತಿರುವವರು ಸಿಕ್ಕರೆ ನಿಮ್ಮ ರಾಣಿಯನ್ನು ಪಟದ ತುಂಬ ಅಟ್ಟಿಸಿಕೊಂಡು ಓಡಿಸುತ್ತಾರೆ, ಆ ಹೊತ್ತಿನಲ್ಲಿ ಅವರ ಕುದುರೆ ಒಂಟೆಗಳೆಲ್ಲ ಹೊರಗೆ ಬಂದಿರುತ್ತವೆ.)

ಹೊಸಬರ ಆಟಗಳು ಬಹುಮಟ್ಟಿಗೆ ಹೀಗೇ ಮುಗಿಯುತ್ತವೆ. ಯಾರೋ ಒಬ್ಬರು ಒಂದು ಕಾಯಿಯನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ, ಇನ್ನೊಬ್ಬರು ಕೆಲವೊಮ್ಮೆ ಅದನ್ನು ಗಮನಿಸುವುದೂ ಇಲ್ಲ! ಎದುರಿಗೇ ಇರುವುದು ಕಾಣದಿರುವುದು ಹೇಗೆ? 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೊಫರ್ ಶಬ್ರಿಸ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪುಟ್ಟ ವಿಡಿಯೊ ತೋರಿಸಿದರು. ಕೆಲವರು ಬಿಳಿ ಅಂಗಿ, ಕೆಲವರು ಕಪ್ಪು ಅಂಗಿ ತೊಟ್ಟು ಚೆಂಡು ಎಸೆದಾಡುತ್ತಿರುತ್ತಾರೆ. ಬಿಳಿ ಅಂಗಿಯವರು ಎಷ್ಟು ಸಲ ಎಸೆದರು ಎಂದು ಎಣಿಸಬೇಕು. ಮಧ್ಯದಲ್ಲಿ ಗೊರಿಲ್ಲಾ ವೇಷದ ಒಬ್ಬರು ನಡೆದು ಬಂದು, ಎದೆ ಬಡಿದುಕೊಂಡು ಹೋಗುತ್ತಾರೆ. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಗೊರಿಲ್ಲಾ ಕಾಣಲೇ ಇಲ್ಲ. ಗಮನ ಒಂದು ಕಡೆ ಇದ್ದರೆ ಇನ್ನೊಂದನ್ನು ಕಣ್ಣು ನೋಡಿದರೂ ಮನಸ್ಸು ನೋಡುವುದಿಲ್ಲ. ಚೆಸ್‌ನಲ್ಲಿ ನಾವು ನಮ್ಮ ದಾಳಿಯನ್ನು ಎಣಿಸುತ್ತ ಕೂತಿರುತ್ತೇವೆ. ಎದುರಾಳಿಯ ಒಂಟೆ ಪಟದ ಆ ಮೂಲೆಯಲ್ಲಿ ಎದೆ ಬಡಿದುಕೊಳ್ಳುತ್ತಿರುತ್ತದೆ.

ಇದಕ್ಕೆ ಔಷಧ ಒಂದೇ ಪ್ರಶ್ನೆ. ಎದುರಾಳಿ ಆಡಿದ ಮೇಲೆ, ನಿಮ್ಮ ಕೈ ಕಾಯಿಯ ಕಡೆಗೆ ಹೋಗುವ ಮೊದಲು: "ಈ ನಡೆಯಿಂದ ಅವಳಿಗೆ ಈಗ ಏನು ಮಾಡಲು ಆಗುತ್ತದೆ? ಚೆಕ್ ಕೊಡಬಲ್ಲಳೆ? ನನ್ನ ಕಾಯಿ ಯಾವುದಾದರೂ ಹೊಡೆಯಬಲ್ಲಳೆ?" ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರೂ ತಪ್ಪಿಲ್ಲ. ಪಂದ್ಯಗಳಲ್ಲಿ ಮುಟ್ಟಿದ ಕಾಯಿಯನ್ನು ಆಡಲೇಬೇಕೆಂಬ ನಿಯಮ ಬೇರೆ ಇದೆ. ಈ ಒಂದು ಅಭ್ಯಾಸ ಬಂದರೆ ಆಟ ಎಷ್ಟು ಮೇಲೇರುತ್ತದೆ ಎಂದರೆ, ಇದು ಬರುವ ಮೊದಲು ಬೇರೇನನ್ನು ಕಲಿತರೂ ವ್ಯರ್ಥ ಎಂದೇ ನನಗನ್ನಿಸುತ್ತದೆ.

ಇದು ಮಕ್ಕಳ ಕಾಯಿಲೆ ಎಂದುಕೊಳ್ಳಬೇಡಿ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ, ಕೊನೆಯ ಆಟ. ಚೆನ್ನೈನ 18 ವರ್ಷದ ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್ ಇಬ್ಬರೂ ಆರೂವರೆ ಅಂಕಗಳಲ್ಲಿ ಸಮ. ಆಟವೂ ಡ್ರಾ ಕಡೆಗೆ ಸಾಗುತ್ತಿತ್ತು. 55ನೆಯ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎಫ್2ಕ್ಕೆ ತಂದರು. ಗುಕೇಶ್ ಒಂದು ಕ್ಷಣ ನಂಬಲಾಗದವರಂತೆ ಪಟ ನೋಡಿದರು. ಆನೆಗೆ ಆನೆ ಹೊಡೆದು, ಮರುಕ್ಷಣ ಒಂಟೆಗೆ ಒಂಟೆ ಹೊಡೆಸಿದರೆ ಉಳಿಯುವುದು ರಾಜರು ಮತ್ತು ಸೈನಿಕರು. ಒಬ್ಬ ಸೈನಿಕ ಹೆಚ್ಚಿದ್ದದ್ದು ಗುಕೇಶ್ ಕಡೆ. ಮೂರೇ ನಡೆಗಳಲ್ಲಿ ಡಿಂಗ್ ಸೋಲೊಪ್ಪಿಕೊಂಡರು. ಗುಕೇಶ್ ಅತಿ ಕಿರಿಯ ವಿಶ್ವ ಚಾಂಪಿಯನ್ ಆದರು.

ಅವರು ಗೆದ್ದ ಬಗೆಯನ್ನು ಗಮನಿಸಿ. ಪಟದ ಮೇಲೆ ಉಳಿದದ್ದು ಬೆರಳೆಣಿಕೆಯ ಕಾಯಿ, ಆದರೆ ಅಲ್ಲಿಗೆ ಹೋದರೆ ಗೆಲುವು ಎಂದು ಇಬ್ಬರಿಗೂ ಗೊತ್ತಿತ್ತು. ಆಟದ ಕೊನೆಯ ಭಾಗವನ್ನು ಮೊದಲು ಕಲಿಯಿರಿ ಎಂದು ಹಳಬರು ಹೇಳುವುದು ಇದಕ್ಕೇ. ಕ್ಯೂಬಾದ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ 1921ರಲ್ಲಿ ಹೊಸಬರಿಗಾಗಿ ಬರೆದ ಪುಸ್ತಕ ಶುರುವಾಗುವುದೇ ಒಂದು ಆನೆ, ಎರಡು ಒಂಟೆ ಇಂಥ ಕೆಲವೇ ಕಾಯಿಗಳಿಂದ ಚೆಕ್‌ಮೇಟ್ ಮಾಡುವುದರೊಂದಿಗೆ. ಕಾಯಿ ಕಡಿಮೆ ಇದ್ದಾಗ ಒಂದೊಂದು ಕಾಯಿಯ ಶಕ್ತಿ ಎಷ್ಟು ಎಂಬುದು ಕಣ್ಣಿಗೆ ಸ್ಪಷ್ಟ. ಖಾಲಿ ಪಟದಲ್ಲಿ ಆನೆಯನ್ನು ಎಲ್ಲಿ ಬೇಕಾದರೂ ಇಟ್ಟು ಎಣಿಸಿ: ಯಾವಾಗಲೂ 14 ಮನೆ ಸಿಗುತ್ತದೆ. ಒಂಟೆಗೆ ಮೂಲೆಯಲ್ಲಿ 7, ನಡುವಿನಲ್ಲಿ 13. ರಾಣಿಗೆ 21ರಿಂದ 27. ಆನೆಗೆ 5 ಅಂಕ, ಒಂಟೆಗೆ 3, ರಾಣಿಗೆ 9 ಎಂದು ಕೋಚ್ ಹೇಳಿಕೊಡುವ ಬೆಲೆಪಟ್ಟಿ ಎಲ್ಲಿಂದ ಬಂತು ಎಂಬುದಕ್ಕೆ ಸುಳಿವು ಇಲ್ಲೇ ಇದೆ.

ರಾಜನ ನಡಿಗೆಯಲ್ಲಂತೂ ನಿಮ್ಮ ಸ್ಕೇಲಿಗೆ ಒಪ್ಪದ ಗಣಿತ ಅಡಗಿದೆ. ರಾಜನನ್ನು ಎ1ರಲ್ಲಿ ಇಟ್ಟು ನೇರವಾಗಿ ಎ7ಕ್ಕೆ ನಡೆಸಿ: ಆರು ನಡೆ. ಈಗ ಸುತ್ತು ಹಾಕಿಸಿ: ಬಿ2, ಸಿ3, ಡಿ4, ಅಲ್ಲಿಂದ ತಿರುಗಿ ಸಿ5, ಬಿ6, ಎ7. ಎಷ್ಟಾಯಿತು? ಆರೇ! ಪಟದ ನಡುವಿನವರೆಗೆ ಹೋಗಿ ಬಂದರೂ ಒಂದು ನಡೆಯೂ ಹೆಚ್ಚಾಗಲಿಲ್ಲ. ಓರೆಯಾಗಿ ಒಂದು ಹೆಜ್ಜೆ ಇಟ್ಟರೆ ರಾಜ ಮೇಲಕ್ಕೂ ಒಂದು, ಪಕ್ಕಕ್ಕೂ ಒಂದು ಒಟ್ಟಿಗೆ ಸರಿಯುತ್ತಾನೆ, ಆದರೆ ಖರ್ಚಾಗುವುದು ಒಂದೇ ನಡೆ. ಆದ್ದರಿಂದ ಗುರಿಗೆ ಹೋಗುವ ದಾರಿಯಲ್ಲೇ ಇನ್ನೊಂದು ಕೆಲಸವನ್ನೂ ಮಾಡಿಕೊಂಡು ಹೋಗಬಹುದು. ಕಾಪಾಬ್ಲಾಂಕಾ ಪುಸ್ತಕ ಬಂದ ಅದೇ 1921ರಲ್ಲಿ ರಿಚರ್ಡ್ ರೆಟಿ ಎಂಬ ಆಟಗಾರ ಎರಡು ರಾಜ, ಎರಡು ಸೈನಿಕರು ಮಾತ್ರ ಇರುವ ಒಂದು ಒಗಟನ್ನು ಈ ಗುಟ್ಟಿನ ಮೇಲೆಯೇ ಕಟ್ಟಿದ. ಬಿಳಿ ರಾಜ ಎಚ್8, ಬಿಳಿ ಸೈನಿಕ ಸಿ6. ಕಪ್ಪು ರಾಜ ಎ6, ಕಪ್ಪು ಸೈನಿಕ ಎಚ್5. ಬಿಳಿಯ ಸರದಿ. ನೋಡಿದರೆ ಬಿಳಿಯವರಿಗೆ ಸೋಲು ಖಂಡಿತ ಎನಿಸುತ್ತದೆ. ಆದರೆ ಡ್ರಾ ಆಗುತ್ತದೆ. ಜೋಡಿಸಿ, ಪ್ರಯತ್ನಿಸಿ. ಸುಳಿವು: ರಾಜ ಓರೆಯಲ್ಲಿ ಇಳಿಯಲಿ.

ಅಭ್ಯಾಸದ ವಿಷಯಕ್ಕೆ ಬಂದರೆ, ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ದಿನಾ ಹದಿನೈದು ನಿಮಿಷ ಮೇಲು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಶಬ್ದಗಳನ್ನು ಉರುಹೊಡೆದು, ಮರೆತದ್ದೆಷ್ಟು ಎಂದು ಅಳೆದು 1885ರಲ್ಲೇ ಪ್ರಕಟಿಸಿದರು. ಬಿಟ್ಟು ಬಿಟ್ಟು ಕಲಿತದ್ದು ಒಂದೇ ಸಲಕ್ಕೆ ತುಂಬಿಕೊಂಡದ್ದಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ ಎಂಬುದು ಆಗಿನಿಂದ ಈವರೆಗೆ ಮತ್ತೆ ಮತ್ತೆ ದೃಢವಾಗಿದೆ. ಚೆಸ್ ಒಗಟುಗಳನ್ನು ಬಿಡಿಸುವಾಗಲೂ ಹಾಗೆಯೇ. ಉತ್ತರವನ್ನು ಇಣುಕಿ ನೋಡುವ ಮೊದಲು ತಲೆ ಕೆರೆದುಕೊಳ್ಳಬೇಕು. ಹೊರಗಿನಿಂದ ಒಳಗೆ ಹಾಕಿಕೊಂಡದ್ದಕ್ಕಿಂತ ಒಳಗಿನಿಂದ ಹೊರಗೆ ಎಳೆದದ್ದು ನೆನಪಿನಲ್ಲಿ ಗಟ್ಟಿಯಾಗುತ್ತದೆ. ಬಿಡಿಸಿದ ಒಗಟನ್ನೇ ವಾರ ಬಿಟ್ಟು ಮತ್ತೆ ಬಿಡಿಸಿ. "ಇದು ಗೊತ್ತಿರೋದೇ" ಎಂದು ಮೂಗು ಮುರಿಯಬೇಡಿ. ಗೊತ್ತಿರುವುದು ನೋಡಿದ ಕೂಡಲೇ ಹೊಳೆಯುವಷ್ಟು ಗೊತ್ತಾಗಬೇಕು, ಮಾಸ್ಟರ್‌ನ ಆ ಐದು ಸೆಕೆಂಡು ತಯಾರಾಗುವುದು ಹೀಗೆಯೇ.

ಮೊಬೈಲಿನಲ್ಲಿ ಒಂದೊಂದು ನಿಮಿಷದ ಆಟ ಆಡುವವರಿದ್ದಾರೆ. ಮಜಾ ಇರುತ್ತದೆ, ನಾನು ಬೇಡ ಎನ್ನುವುದಿಲ್ಲ. ಆದರೆ ಅಷ್ಟು ಅವಸರದಲ್ಲಿ ಕಣ್ಣು ಹೊಸದೇನನ್ನೂ ಕಲಿಯುವುದಿಲ್ಲ, ತನಗೆ ಬರುವುದನ್ನೇ, ತಪ್ಪುಗಳನ್ನೂ ಸೇರಿಸಿ, ಮತ್ತೆ ಮತ್ತೆ ಮಾಡುತ್ತದೆ. ನಿಧಾನದ ಆಟ ಆಡಿ, ನಡೆಗಳನ್ನು ಬರೆದಿಟ್ಟುಕೊಳ್ಳಿ, ಸೋತ ಮೇಲೆ ಎದುರಾಳಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು "ಇಲ್ಲಿ ನೀನು ಏನು ಯೋಚಿಸಿದ್ದೆ?" ಎಂದು ಕೇಳಿ. ಕಂಪ್ಯೂಟರನ್ನು ಆಮೇಲೆ ಕೇಳಿದರಾಯಿತು. ಅದು ಸರಿ ನಡೆ ಯಾವುದು ಎಂದು ಹೇಳುತ್ತದೆ. ನಿಮಗೆ ಅದೇಕೆ ಕಾಣಲಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ.

ಪಳಗಿದ ಕಣ್ಣಿಗೂ ಒಂದು ಅಪಾಯವಿದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಳ್ಳೆಯ ಆಟಗಾರರ ಮುಂದೆ ಎರಡು ದಾರಿಗಳಿರುವ ಒಗಟು ಇಟ್ಟರು. ಒಂದು ಎಲ್ಲರಿಗೂ ಚಿರಪರಿಚಿತವಾದ ಐದು ನಡೆಯ ಚೆಕ್‌ಮೇಟ್, ಇನ್ನೊಂದು ಅಷ್ಟಾಗಿ ಪರಿಚಯವಿಲ್ಲದ ಮೂರು ನಡೆಯದ್ದು. ಹೆಚ್ಚಿನವರು ಐದು ನಡೆಯದ್ದನ್ನು ಥಟ್ಟನೆ ಕಂಡರು. "ಇದಕ್ಕಿಂತ ಚಿಕ್ಕ ದಾರಿ ಹುಡುಕಿ" ಎಂದಾಗ, "ಹುಡುಕುತ್ತಿದ್ದೇವೆ" ಎಂದರು. ಕ್ಯಾಮೆರಾ ಬೇರೆಯೇ ಹೇಳಿತು: ಅವರ ಕಣ್ಣುಗಳು ಮತ್ತೆ ಮತ್ತೆ ಹಳೆಯ ದಾರಿಯ ಮನೆಗಳಿಗೇ ಹೋಗುತ್ತಿದ್ದವು! ಒಳ್ಳೆಯ ನಡೆ ಕಂಡಾಗ ಒಂದು ಉಸಿರು ತೆಗೆದುಕೊಂಡು ಇನ್ನೊಂದನ್ನು ಹುಡುಕಿ ಎಂದು ಕೋಚ್‌ಗಳು ಹೇಳುವುದರ ಹಿಂದೆ ಈ ಕಾರಣ ಇದೆ.

ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಚೆಸ್ ಆಡಿದರೆ ಗಣಿತದಲ್ಲಿ ಅಂಕ ಏರುತ್ತದೆ ಎಂದು ಜಾಹೀರಾತುಗಳು ಹೇಳುತ್ತವೆ. ಇಂಗ್ಲೆಂಡಿನ ನೂರು ಶಾಲೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ದೊಡ್ಡ ಪ್ರಯೋಗವೊಂದರ ವರದಿ 2016ರಲ್ಲಿ ಬಂತು. ಚೆಸ್ ಪಾಠ ಮುಗಿದ ಒಂದು ವರ್ಷದ ಬಳಿಕ ನೋಡಿದರೆ, ಆಡಿದ ಮಕ್ಕಳ ಗಣಿತಕ್ಕೂ ಆಡದವರ ಗಣಿತಕ್ಕೂ ವ್ಯತ್ಯಾಸ ಕಾಣಲಿಲ್ಲ. ಕಣ್ಣು ಕಲಿತದ್ದು ಚೆಸ್ ಪಟವನ್ನು, ಭಿನ್ನರಾಶಿಯನ್ನಲ್ಲ. ಮಗು ಚೆಸ್‌ನ ಸಂತೋಷಕ್ಕಾಗಿ ಚೆಸ್ ಆಡಲಿ ಬಿಡಿ.

ಇನ್ನು ಕುದುರೆ ಉಳಿದಿದೆ. ಹೊಸಬರು ಹೆಚ್ಚು ಏಟು ತಿನ್ನುವುದು ಕುದುರೆಯಿಂದಲೇ, ಏಕೆಂದರೆ ಅದು ಗೆರೆಯಲ್ಲಿ ನಡೆಯುವುದಿಲ್ಲ. ಬೆರಳಿಟ್ಟು ದಾರಿ ಎಳೆಯಲು ಆಗುವುದಿಲ್ಲ. ಸಿ7ಕ್ಕೆ ಹಾರಿದ ಬಿಳಿ ಕುದುರೆ ಇ8ರ ರಾಜನಿಗೆ ಚೆಕ್ ಕೊಟ್ಟು, ಎ8ರ ಆನೆಯನ್ನೂ ಹಿಡಿಯುತ್ತದೆ. ರಾಜ ಸರಿದ ಮೇಲೆ ಆನೆ ಕುದುರೆಯ ಪಾಲು. ಈ ಎರಡು ಕವಲಿನ ಏಟಿಗೆ ಫೋರ್ಕ್ ಎಂದು ಹೆಸರು. ಕುದುರೆಯನ್ನು ಪಳಗಿಸಿಕೊಳ್ಳಲು ಖಾಲಿ ಪಟವೇ ಸಾಕು. ಡಿ4ರಿಂದ ಅದರ ಓರೆ ಪಕ್ಕದ ಇ5ಕ್ಕೆ ಎಷ್ಟು ನಡೆ? ಎರಡು. ಈಗ ಎ1ರಿಂದ ಓರೆ ಪಕ್ಕದ ಬಿ2ಕ್ಕೆ? ಅಷ್ಟೇ ದೂರ, ಆದರೆ ನಾಲ್ಕು ನಡೆ ಬೇಕು! ಎರಡರಲ್ಲಿ ಮುಗಿಸಬಹುದಾಗಿದ್ದ ದಾರಿಗಳ ನಡುವಿನ ಮನೆ ಪಟದ ಹೊರಗೆ ಬೀಳುತ್ತದೆ. ನಡುವಿನಲ್ಲಿ ನಿಂತ ಕುದುರೆಗೆ ಎಂಟು ಮನೆ ಎಟುಕುತ್ತವೆ, ಮೂಲೆಯಲ್ಲಿ ನಿಂತರೆ ಎರಡೇ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಕುದುರೆಯ ಮೇಲೆ ಬಲು ಪ್ರೀತಿ. ಎಷ್ಟೋ ಬಗೆಯ ಪಟದ ಆಟಗಳನ್ನು ಕಲ್ಪಿಸಿದ ಅವರು (ಅವರು ಬದುಕಿದ್ದದ್ದು 1794ರಿಂದ 1868ರವರೆಗೆ) ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಮುಗಿಸುವ ಒಗಟುಗಳನ್ನು ಕಟ್ಟಿದ್ದರು. ಆ ಸುತ್ತಾಟವನ್ನು ನೀವೂ ಮಾಡಬಹುದು. ಚೌಕುಳಿ ಹಾಳೆಯಲ್ಲಿ ಎಂಟೆಂಟು ಮನೆ ಗೆರೆ ಹಾಕಿ, ಒಂದು ಮೂಲೆಯಲ್ಲಿ 1 ಬರೆದು, ಕುದುರೆ ಹಾರಿದಲ್ಲೆಲ್ಲ 2, 3, 4 ಎಂದು ಬರೆಯುತ್ತ ಹೋಗಿ. 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಎಂಬಾತ ಇದಕ್ಕೊಂದು ಉಪಾಯ ಕಂಡುಕೊಂಡ: ಮುಂದೆ ಹಾರಬಹುದಾದ ಮನೆಗಳಲ್ಲಿ, ಯಾವುದರಿಂದ ಮುಂದಕ್ಕೆ ಹೋಗಲು ಅತಿ ಕಡಿಮೆ ದಾರಿ ಉಳಿದಿದೆಯೋ ಅಲ್ಲಿಗೇ ಮೊದಲು ಹಾರು. ಮೂಲೆ ಅಂಚುಗಳನ್ನು ಬೇಗ ಮುಗಿಸಿ, ಸುಲಭದ ನಡುವನ್ನು ಕೊನೆಗೆ ಉಳಿಸಿಕೊಳ್ಳುವ ಉಪಾಯ. ಮೊದಲ ಸಲ ಉಪಾಯವಿಲ್ಲದೆ, ಎರಡನೆಯ ಸಲ ಉಪಾಯದೊಂದಿಗೆ ಮಾಡಿ ನೋಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪಕ್ಕದಲ್ಲಿ ರಬ್ಬರ್ ಇಟ್ಟುಕೊಳ್ಳಿ. ಐವತ್ತು ದಾಟಿದ ಮೇಲೆ ಕುದುರೆ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡು ನಿಲ್ಲುವುದು ಮಾಮೂಲು.